ಬಿಡುವಿನ ವೇಳೆ: ಅವ್ವನ ಮುಖ, ಮೂರು ಮಸೂರ

ಮಳೆಗಾಲದ ತೇವದಿಂದ ಹಳೆಯ ಭಾವಚಿತ್ರಗಳನ್ನು ಕಾಪಾಡಿಕೊಳ್ಳುವುದು ಹೇಗೆಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ಡೊಂಬಿವಲಿಯ ಸೋದರಿಯೊಬ್ಬರು ಕಾಗದ ಬರೆದು ಕೇಳಿದ್ದಾರೆ: “ನಮ್ಮಜ್ಜಿಯ ಪಟದಲ್ಲಿ ಮುಖದ ಮೇಲೆ ತೆಳುವಾದ ಬೆಳಕಿನ ಪೊರೆಯೊಂದು ಕೂತ ಹಾಗಿದೆ. ಈಗಿನ ಫೋಟೋಗಳಲ್ಲಿ ಅದೇಕೆ ಬರುವುದಿಲ್ಲ? ಆ ಕಾಲದ ಕ್ಯಾಮರಾ ಕೆಟ್ಟದ್ದಿತ್ತೋ, ಇಲ್ಲವೆ ನಮ್ಮಜ್ಜಿಯೇ ಅಷ್ಟು ಚೆಲುವೆಯಾಗಿದ್ದಳೋ?”

ಅಜ್ಜಿಯ ಚೆಲುವಿನ ವಿಷಯದಲ್ಲಿ ನಾನು ಬಾಯಿ ಹಾಕಲಾರೆ. ಕ್ಯಾಮರಾದ ವಿಷಯಕ್ಕಾದರೋ ಉತ್ತರ ಕೊಡಬಲ್ಲೆ. ಏಕೆಂದರೆ ಕಳೆದ ಒಂದು ವರ್ಷದಿಂದ ನಮ್ಮ ಮನೆಯಲ್ಲಿಯೂ ಇದೇ ವ್ಯಾಜ್ಯ ನಡೆದಿತ್ತು. ಮೊದಲು ಆ ಕಥೆಯನ್ನೇ ಹೇಳಿಬಿಡುತ್ತೇನೆ.

ನಮ್ಮ ತಂದೆಯವರು ತೀರಿಕೊಂಡು ಆರು ವರ್ಷವಾಯಿತು. ಧಾರವಾಡದ ಕಡೆಯಿಂದ ಮುಂಬಯಿಗೆ ಬಂದು ಮೂವತ್ತೈದು ವರ್ಷ ದುಡಿದ ಮನುಷ್ಯ. ಒಂದು ದಿನವಾದರೂ ಸ್ಟುಡಿಯೋಕ್ಕೆ ಹೋಗಿ ಕುರ್ಚಿಯ ಮೇಲೆ ಕುಳಿತವರಲ್ಲ. ಅವರು ಹೋದ ಮೇಲೆ ಗೋಡೆಗೆ ಪಟ ಬೇಕೆಂದಾಗ ನಮಗೆ ಸಿಕ್ಕಿದ್ದು ಗುರುತಿನ ಚೀಟಿಯ ಮೇಲಿದ್ದ, ಅಂಚೆಯ ತಿಕೀಟಿನಷ್ಟು ಚಿತ್ರ. ಅದನ್ನು ಒಂದು ಅಂಗಡಿಯಲ್ಲಿ ಕೊಟ್ಟೆವು. ಅಂಗಡಿಯವನು ಕಂಪ್ಯೂಟರಿನಲ್ಲಿ ಅದನ್ನು ಹಿಗ್ಗಿಸಿ, ಸುಕ್ಕು ಕಲೆಗಳನ್ನೆಲ್ಲ ಒರಸಿ, ಹಿಂದೆ ನೀಲಿ ಆಕಾಶ ಹಚ್ಚಿ ಚೌಕಟ್ಟು ಹಾಕಿಸಿ ಕೊಟ್ಟ. ಅಚ್ಚುಕಟ್ಟಾದ ಕೆಲಸವೇ. ಆದರೆ ಚೌಕಟ್ಟಿನೊಳಗೆ ಕುಳಿತವರು ನಮ್ಮ ತಂದೆಯಲ್ಲ. ನುಣುಪು ಗಲ್ಲದ ಮತ್ತಾರೋ ಗೃಹಸ್ಥರು. ನನ್ನ ಚಿಕ್ಕ ಮಗಳು ಅದನ್ನು ನೋಡಿ, “ಇವರು ಯಾವ ಅಜ್ಜ?” ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಕೊಟ್ಟಿಲ್ಲ.

ಅವ್ವನ ವಿಷಯದಲ್ಲಿ ಹೀಗಾಗಬಾರದೆಂದು ಅಂದೇ ನಿಶ್ಚಯಿಸಿದೆ. ಕಳೆದ ವರ್ಷ ಬಾಕಿ ವೇತನ ಕೈಗೆ ಬಂದಾಗ, ಮನೆಯಾಕೆಯ ಮುಖ ನೋಡದೆ, ಮುಚ್ಚಿಹೋದ ಒಂದು ಸ್ಟುಡಿಯೋದ ಮರದ ಕ್ಯಾಮರಾವನ್ನು ಕೊಂಡು ತಂದೆ. ಮೂರು ಕಾಲಿನ ಮೇಲೆ ನಿಲ್ಲಿಸಿ, ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿ, ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಬಿಂಬವನ್ನು ನೋಡುವಂಥ ಕ್ಯಾಮರಾ. ಇದಕ್ಕೆ ಸುರುಳಿ ಫಿಲ್ಮು ನಡೆಯುವುದಿಲ್ಲ. 4 ಇಂಚು ಅಗಲ 5 ಇಂಚು ಉದ್ದದ ಒಂದೊಂದೇ ಹಾಳೆ ಹಾಕಬೇಕು. ನಾವು ಸಾಮಾನ್ಯವಾಗಿ ಕಂಡಿರುವ 35 ಮಿ.ಮೀ. ಫಿಲ್ಮಿನ ಒಂದು ಚಿತ್ರಕ್ಕೆ ಹೋಲಿಸಿದರೆ ಈ ಹಾಳೆಯ ವಿಸ್ತಾರ ಸುಮಾರು 15 ಪಟ್ಟು. ಹಾಳೆಯ ಬೆಲೆಯೂ ಹಾಗೆಯೇ. ಆದ್ದರಿಂದ ಗುಮಾಸ್ತನಾದವನು ಒಂದು ಭಾನುವಾರಕ್ಕೆ ನಾಲ್ಕು ಹಾಳೆಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ.

ಕ್ಯಾಮರಾದೊಡನೆ ಬಂದಿದ್ದ ಮಸೂರ 210 ಮಿ.ಮೀ.ನದು, ಈಚಿನದು, ಬಹಳ ತೀಕ್ಷ್ಣವಾದದ್ದು. ಅವ್ವನನ್ನು ಕಿಟಕಿಯ ಬಳಿ ಕೂಡಿಸಿ ಚಿತ್ರ ತೆಗೆದೆ. ಹಾಳೆಯನ್ನು ತೊಳೆದು ನೋಡಿದಾಗ ನನಗೆ ಹಿಡಿಸಲಾರದ ಹಿಗ್ಗು. ಒಂದೊಂದು ಕೂದಲನ್ನೂ ಎಣಿಸಬಹುದು! ಸೀರೆಯ ನೂಲಿನ ಎಳೆ ಕಾಣುತ್ತದೆ! ದೊಡ್ಡದಾಗಿ ಅಚ್ಚು ಹಾಕಿಸಿ ತಂದು ಅವ್ವನ ಕೈಗೆ ಕೊಟ್ಟೆ. ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ನನ್ನ ಮಾರಿ ಹಿಂಗ ಐತೇನೋ ತಮ್ಮಾ?” ಎಂದಳು. ಆಮೇಲೆ ಮೆಲ್ಲಗೆ, “ನಾಳೆ ಗ್ವಾಡಿಗೆ ಹಾಕೋದು ಇದನ್ನೇ ಅಲ್ಲೇನು?”

ಮರುದಿನ ನೋಡಿದರೆ ಆ ಚಿತ್ರ ಅವ್ವನ ಟ್ರಂಕಿನ ತಳದಲ್ಲಿತ್ತು, ಮಗುಚಿ ಇಟ್ಟಿದ್ದಳು. ತಂದೆಯವರ ಮುಖವನ್ನು ಒರಸಿ ಕೆಡಿಸಿದವನು ಅಂಗಡಿಯವನು. ತಾಯಿಯ ಮುಖವನ್ನು ಒಂದೂ ಬಿಡದೆ ಎಣಿಸಿ ನೋಯಿಸಿದವನು ನಾನು.

ಈ ದುಃಖವನ್ನು ತೋಡಿಕೊಳ್ಳಲು ಹೋದದ್ದು ನಮ್ಮ ಸಂಘದ ಹಿರಿಯ ರಾಯರೊಬ್ಬರ ಬಳಿಗೆ. ನಲವತ್ತು ವರ್ಷ ದಾದರಿನ ಒಂದು ಸ್ಟುಡಿಯೋದಲ್ಲಿ ಮದುವೆ ಮುಂಜಿಗಳ ಚಿತ್ರ ತೆಗೆದು ಈಗ ವಿಶ್ರಾಂತರಾಗಿರುವವರು. ನನ್ನ ಚಿತ್ರವನ್ನು ನೋಡಿ ಅವರು ನಕ್ಕರು. “ಇದು ಮುಖ ಅಲ್ರಿ, ಪಂಚನಾಮೆ. ನಿಮ್ಮ ಮಸೂರದ್ದೇನೂ ತಪ್ಪಿಲ್ಲ. ತಪ್ಪಿಲ್ಲದ್ದೇ ಅದರ ತಪ್ಪು,” ಎಂದು, ಅಟ್ಟದಿಂದ ಒಂದು ಡಬ್ಬಿಯನ್ನಿಳಿಸಿದರು. ಅದರೊಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಹಿತ್ತಾಳೆಯ ಮಸೂರ. ಅಂಚಿನ ಮೇಲೆ ಸಣ್ಣ ಅಕ್ಷರಗಳಲ್ಲಿ ‘ವೆರಿಟೊ’ ಎಂಬ ಹೆಸರು.

ಮಸೂರಕ್ಕೆ ತಪ್ಪು ಬೇಕೆಂಬ ಈ ಮಾತು ವಿಚಿತ್ರವಾಗಿ ಕೇಳುತ್ತದೆ. ವಾಚಕರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಗೋಳದ ಮೈಯುಳ್ಳ ಸಾದಾ ಮಸೂರದಲ್ಲಿ ಹುಟ್ಟಿನಿಂದಲೇ ಒಂದು ದೋಷವಿದೆ. ನಡುವಿನಿಂದ ಹಾಯ್ದ ಕಿರಣಗಳು ಕೂಡುವ ಜಾಗ ಒಂದು. ಅಂಚಿನಿಂದ ಹಾಯ್ದ ಕಿರಣಗಳು ಕೂಡುವ ಜಾಗ ಅದಕ್ಕಿಂತ ತುಸು ಮುಂದೆ, ಮಸೂರಕ್ಕೆ ಹತ್ತಿರ. ಹೀಗಾಗಿ ಹಾಳೆಯ ಮೇಲೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ನಡುಗಿರಣಗಳು ಖಚಿತವಾದ ಗೆರೆಯೆಳೆಯುತ್ತವೆ. ಅಂಚುಗಿರಣಗಳು ಆ ಗೆರೆಯ ಸುತ್ತ ತೆಳುವಾದ ಬೆಳಕನ್ನು ಹರಡುತ್ತವೆ. ಚಿತ್ರ ಮಸುಕಾಗುವುದೇ ಬೇರೆ, ಮೃದುವಾಗುವುದೇ ಬೇರೆ. ಮನೆಯ ಮುಂದಿನ ರಂಗೋಲಿಯನ್ನು ಯಾರಾದರೂ ತುಳಿದು ಹೋದರೆ ಎಳೆಯೇ ಅಳಿಸಿಹೋಗುತ್ತದೆ; ಅದು ಮಸುಕು. ಎಳೆ ನೆಟ್ಟಗಿದ್ದು, ಬೆರಳಿನಿಂದ ಉದುರಿದ ಪುಡಿ ಅದರ ಎರಡೂ ಮಗ್ಗುಲಿಗೆ ತೆಳ್ಳಗೆ ಚೆಲ್ಲಿದ್ದರೆ ಅದು ಮೃದುತ್ವ. ಸುಕ್ಕು ಇದ್ದಲ್ಲಿಯೇ ಇರುತ್ತದೆ, ಆದರೆ ಅದರ ಮೇಲೆ ಬೆಳಕಿನ ಪುಡಿ ಉದುರಿರುತ್ತದೆ.

ಈ ದೋಷವನ್ನು ತಿದ್ದುವುದಕ್ಕಾಗಿ ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. ವಿಯೆನ್ನಾದ ಜೋಸೆಫ್ ಪೆಟ್ಸ್‌ವಾಲ್ ಎಂಬ ಗಣಿತಜ್ಞ 1840ರಲ್ಲಿ ಲೆಕ್ಕ ಹಾಕಿ ಮಾಡಿದ ಭಾವಚಿತ್ರದ ಮಸೂರ ಬಹು ಪ್ರಸಿದ್ಧವಾಯಿತು. ಆದರೆ ತಿದ್ದಿದ್ದೇ ತಡ, ತಿದ್ದಿದ್ದು ಹೆಚ್ಚಾಯಿತೆಂಬ ಕೂಗೂ ಎದ್ದಿತು. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆ ನಮ್ಮ ಕಲಕತ್ತೆಯಲ್ಲಿ 1815ರಲ್ಲಿ ಹುಟ್ಟಿದವಳು. 48ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿದ್ದಾಗ, ಮಗಳೂ ಅಳಿಯನೂ ಉಡುಗೊರೆಯಾಗಿ ಕೊಟ್ಟ ಕ್ಯಾಮರಾದಿಂದ ಚಿತ್ರ ತೆಗೆಯಲಾರಂಭಿಸಿದಳು. ಬಿಂಬ ತನ್ನ ಕಣ್ಣಿಗೆ ಚೆಲುವಾಗಿ ಕಂಡಲ್ಲಿಗೆ ತಿರುಪು ತಿರುಗಿಸುವುದನ್ನು ನಿಲ್ಲಿಸಿಬಿಡುವುದು ಆಕೆಯ ಪದ್ಧತಿ. ಟೀಕಾಕಾರರು ಆಕೆಗೆ ಕ್ಯಾಮರಾ ಹಿಡಿಯಲೇ ಬಾರದೆಂದು ಹಾಸ್ಯ ಮಾಡಿದರು. ಇಂದು ಆ ಟೀಕಾಕಾರರ ಹೆಸರು ಯಾರಿಗೂ ನೆನಪಿಲ್ಲ. 1866ರಲ್ಲಿಯೇ ಲಂಡನ್ನಿನ ಡಾಲ್‌ಮೇಯರ್ ಸಂಸ್ಥೆಯವರು, ಹಿಂಬದಿಯ ಗಾಜನ್ನು ತುಸು ತಿರುಗಿಸಿ ಸಡಿಲಿಸಿದರೆ ಬೇಕಾದಷ್ಟು ದೋಷ ಮರಳಿ ಬರುವಂಥ ಮಸೂರವನ್ನು ತಂದರು. ತಿದ್ದಿದ ತಪ್ಪನ್ನು ಮತ್ತೆ ಬೇಡಿ ಪಡೆಯುವ ಕಾಲ ಬಂದಿತು.

ಇಪ್ಪತ್ತನೆಯ ಶತಮಾನದ ಮೊದಲ ಮೂವತ್ತು ವರ್ಷ ಈ ಮಸೂರಗಳ ಸುಗ್ಗಿ. ಅಮೆರಿಕೆಯ ಬಾಸ್ಟನ್ನಿನ ಪಿಂಕ್‌ಹ್ಯಾಮ್ ಮತ್ತು ಸ್ಮಿತ್ ಎಂಬ ಅಂಗಡಿಯವರು ಕೈಯಿಂದಲೇ ಗಾಜನ್ನು ಉಜ್ಜಿ ತಿದ್ದಿ ಇಂಥವನ್ನು ಮಾಡುತ್ತಿದ್ದರು. ರಾಚೆಸ್ಟರ್ ಪಟ್ಟಣದ ವೊಲೆನ್‌ಸ್ಯಾಕ್ ಕಂಪನಿಯ ವೆರಿಟೊ ಸ್ಟುಡಿಯೋಗಳಲ್ಲೆಲ್ಲ ಹರಡಿತು. ಆಮೇಲೆ ಗಾಳಿ ತಿರುಗಿತು. 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಡ್ವರ್ಡ್ ವೆಸ್ಟನ್, ಆ್ಯನ್ಸೆಲ್ ಆಡಮ್ಸ್ ಮೊದಲಾದವರು ಗುಂಪು ಕಟ್ಟಿ, ಮಸೂರದ ಅತಿ ಕಿರಿದಾದ ತೂತಿನ ಅಳತೆಯಾದ ‘ಎಫ್ 64’ ಎಂಬುದನ್ನೇ ತಮ್ಮ ಹೆಸರಾಗಿಟ್ಟುಕೊಂಡರು. ಛಾಯಾಚಿತ್ರವೆಂದರೆ ಮೂಲೆ ಮೂಲೆಯೂ ಖಚಿತವಾಗಿರಬೇಕೆಂಬುದು ಅವರ ಪಕ್ಷ. ತಮಾಷೆಯೆಂದರೆ ವೆಸ್ಟನ್ ಕೂಡ ತನ್ನ ಮೊದಲ ದಿನಗಳಲ್ಲಿ ಮೃದು ಮಸೂರದಿಂದಲೇ ಹೆಸರು ಗಳಿಸಿದ್ದವನು.

ಯುರೋಪಿನಲ್ಲಿ ಮಾತ್ರ ಈ ಪಂಥ ಅಳಿಯಲಿಲ್ಲ. ಹೈನ್‌ರಿಖ್ ಕ್ಯೂನ್ ಎಂಬ ಛಾಯಾಚಿತ್ರಗಾರನ ಪ್ರಯತ್ನದಿಂದ ಮ್ಯೂನಿಕ್ಕಿನ ರೋಡೆನ್‌ಸ್ಟಾಕ್ ಕಂಪನಿ 1930ರ ಸುಮಾರಿಗೆ ‘ಇಮಾಗಾನ್’ ಎಂಬುದನ್ನು ತಂದು, ಹಲವು ದಶಕಗಳ ಕಾಲ ಮಾಡುತ್ತ ಬಂದಿತು. ಜಪಾನಿನ ಫ್ಯೂಜಿ ಕಂಪನಿಯೂ ಇಂಥವನ್ನು ಮಾಡಿತು. 2000ದ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲೆಸ್ಟರಿನ ಕುಕ್ ಸಂಸ್ಥೆ, ಬಾಸ್ಟನ್ನಿನ ಆ ಹಳೆಯ ಅಂಗಡಿಯ ಒಂದು ಮಸೂರವನ್ನು ಮಾದರಿಯಾಗಿಟ್ಟುಕೊಂಡು, 9 ಇಂಚಿನ ಹೊಸ ಮಸೂರವನ್ನು ಹೊರತಂದಿತು. ಹೆಸರು ಪಿಎಸ್ 945. ಹಿಂದೆ ಮುದುಕನೊಬ್ಬ ಅಂಗೈ ಅಂದಾಜಿನಿಂದ ಬಿಟ್ಟ ದೋಷವನ್ನು ಈಗ ಇಂಜಿನಿಯರುಗಳು ಅಳೆದು, ಲೆಕ್ಕ ಕಟ್ಟಿ, ಅಷ್ಟೇ ಪ್ರಮಾಣದಲ್ಲಿ ಮತ್ತೆ ಹಾಕಿದರು!

ಇರಲಿ, ರಾಯರ ಮನೆಗೆ ಹಿಂದಿರುಗೋಣ. ಹಳೆಯದು ಲೇಸೋ ಹೊಸದು ಲೇಸೋ ಎಂದು ನಾನು ಕೇಳಿದ್ದಕ್ಕೆ ಅವರು, “ಬಾಯಿಲೆ ಹೇಳಿದ್ರ ಏನು ತಿಳೀತದ? ಅಕ್ಕಾರನ್ನ ಕೂಡಿಸಿ ಎರಡರಿಂದಲೂ ತೆಗೀರಿ,” ಎಂದರು. ಕುಕ್ ಮಸೂರ ನಮ್ಮಂಥವರ ಕೈಗೆಟುಕುವ ಮಾತಲ್ಲ. ಜಾಹಿರಾತಿನ ಚಿತ್ರ ತೆಗೆಯುವ ಅವರ ಶಿಷ್ಯನೊಬ್ಬನ ಬಳಿ 250 ಮಿ.ಮೀ.ನ ಇಮಾಗಾನ್ ಇತ್ತು. ಹೊಸ ತಲೆಮಾರಿನದು; ಗಾಜಿಗೆ ಲೇಪವುಂಟು, ಷಟರುಂಟು. ಒಂದು ಭಾನುವಾರದ ಮಟ್ಟಿಗೆ ಅದನ್ನು ಕೊಡಿಸಿದರು. ಅವ್ವನನ್ನು ಒಪ್ಪಿಸುವುದೇ ಕಷ್ಟವಾಯಿತು. “ಮತ್ತ ನನ್ನ ಸುಕ್ಕ ಎಣಸಾಕೇನು?” ಎಂದಳು. ರಾಯರು ತಾವೇ ಬಂದು ಕರೆದದ್ದರಿಂದ ಬಂದು ಕುಳಿತಳು.

ಆಷಾಢದ ಮೋಡದ ಬೆಳಕು. ಮೊದಲು ವೆರಿಟೊ. ಇದರಲ್ಲಿ ಮೃದುತ್ವವನ್ನು ಹೆಚ್ಚು ಕಡಿಮೆ ಮಾಡುವುದೆಲ್ಲ ತೂತಿನ ಅಗಲದಿಂದ. ಎಫ್ 4ಕ್ಕೆ ಪೂರ್ತಿ ತೆರೆದರೆ ಅಂಚುಗಿರಣಗಳೆಲ್ಲ ಒಳಬಂದು ಬೆಳಕು ಚೆಲ್ಲಾಡುತ್ತದೆ. ಎಫ್ 8ರ ಹೊತ್ತಿಗೆ ಬಹುಮಟ್ಟಿಗೆ ಸಾದಾ ಮಸೂರದಂತಾಗುತ್ತದೆ. ಗಾಜಿನ ಮೇಲೆ ನೋಡಿದರೆ ಇಲ್ಲಿಯೇ ಸರಿಯೆಂದು ನಿಲ್ಲಿಸುವ ಜಾಗವೇ ತಿಳಿಯುವುದಿಲ್ಲ. ಎಲ್ಲಿಟ್ಟರೂ ಸ್ವಲ್ಪ ಸರಿ, ಸ್ವಲ್ಪ ತಪ್ಪು. ರಾಯರು ಹೇಳಿಕೊಟ್ಟ ಉಪಾಯವಿದು: “ರೆಪ್ಪೀ ನೋಡಬ್ಯಾಡ್ರಿ. ಕಣ್ಣಾಗ ಕಿಟಕಿ ಬೆಳಕಿನ ಚುಕ್ಕಿ ಇರ್ತದಲ್ಲಾ, ಅದನ್ನ ನೋಡ್ರಿ. ಮತ್ತ ಯಾವ ತೂತಿನಾಗ ತೆಗೀತೀರೋ ಅದೇ ತೂತಿನಾಗ ನೋಡ್ರಿ.” ಈ ಎರಡನೆಯ ಮಾತು ಮುಖ್ಯ. ತೂತನ್ನು ಕಿರಿದು ಮಾಡಿದಂತೆಲ್ಲ ಅಂಚುಗಿರಣಗಳು ತಪ್ಪಿ, ಬಿಂಬ ಕೂಡುವ ಜಾಗವೇ ಸರಿಯುತ್ತದೆ. ಅಗಲದಲ್ಲಿ ನೋಡಿ ಕಿರಿದಿನಲ್ಲಿ ತೆಗೆದರೆ ಕಣ್ಣಿನ ಬದಲು ಕಿವಿ ಖಚಿತವಾದೀತು.

ಮೊದಲ ಹಾಳೆ ಎಫ್ 4ರಲ್ಲಿ, ಅರ್ಧ ಸೆಕೆಂಡು. ಎರಡನೆಯದು ಎಫ್ 5.6ರಲ್ಲಿ, ಒಂದು ಸೆಕೆಂಡು. ಷಟರಿಗೆ ರಬ್ಬರಿನ ಬುರುಡೆ. ಅದನ್ನು ಹಿಸುಕಿದವರು ರಾಯರೇ.

ಮೂರನೆಯದು ಇಮಾಗಾನ್. ಇದರ ಯುಕ್ತಿ ಬೇರೆ. ಮಸೂರದ ಮುಂದೆ ಸಾರಣಿಗೆಯಂಥ ಲೋಹದ ಬಿಲ್ಲೆಯನ್ನಿಡುತ್ತಾರೆ: ನಡುವೆ ಒಂದು ದೊಡ್ಡ ತೂತು, ಸುತ್ತ ಸಣ್ಣ ಸಣ್ಣ ತೂತುಗಳು. ನಡುವಿನದು ಗೆರೆಯೆಳೆಯಲು, ಸುತ್ತಲಿನವು ಬೆಳಕು ಉದುರಿಸಲು. ಬಿಲ್ಲೆಯನ್ನು ತಿರುಗಿಸಿ ಸುತ್ತಲಿನ ತೂತುಗಳನ್ನು ತೆರೆಯಬಹುದು, ಮುಚ್ಚಬಹುದು. ಅಡುಗೆಯವರು ಉಪ್ಪು ಬೇರೆ, ಖಾರ ಬೇರೆ ಹಾಕುವ ಹಾಗೆ ಇಲ್ಲಿ ಗೆರೆಯನ್ನೂ ಪುಡಿಯನ್ನೂ ಬೇರೆಬೇರೆಯಾಗಿ ಹದ ಮಾಡಬಹುದು; ವೆರಿಟೊದಲ್ಲಿ ಎರಡೂ ಒಟ್ಟಿಗೆ ಬೀಳುತ್ತವೆ. ಎರಡು ಸೆಕೆಂಡು ಅವ್ವ ಉಸಿರು ಬಿಗಿಹಿಡಿದು ಕುಳಿತಳು. ನಾಲ್ಕನೆಯ ಹಾಳೆಯನ್ನು ಆಪತ್ತಿಗೆಂದು ಉಳಿಸಿಕೊಂಡೆವು.

ಫಲವನ್ನು ಹೇಳುತ್ತೇನೆ. ವೆರಿಟೊದ ಮೊದಲ ಹಾಳೆಯಲ್ಲಿ ಅವ್ವನ ಬಿಳಿ ಸೀರೆಯ ಅಂಚಿನಿಂದ ಬೆಳಕು ಉಕ್ಕಿ ಕತ್ತಲೆಯೊಳಗೆ ಹರಿದಿತ್ತು. ನೋಡಲು ಸೊಗಸು, ಆದರೆ ದೇವರ ಪಟದ ಸೊಗಸು. ಲೇಪವಿಲ್ಲದ ಹಳೆಯ ಗಾಜಾದ್ದರಿಂದ ನೆರಳುಗಳೂ ಕಪ್ಪಾಗದೆ ಬೂದಿಯ ಬಣ್ಣಕ್ಕಿದ್ದವು. ಗಾಜಿನ ಒಂದೊಂದು ಮೈಯೂ ನೂರಕ್ಕೆ ನಾಲ್ಕೈದು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹಾಗೆಸೆದ ಬೆಳಕು ಒಳಗೊಳಗೇ ಅಲೆದು ನೆರಳಿನ ಮೇಲೆ ಕೂರುತ್ತದೆ. ಇದನ್ನು ತಡೆಯುವ ಲೇಪವನ್ನು ಜರ್ಮನಿಯ ಜೈಸ್ ಕಂಪನಿಯ ಸ್ಮಕುಲಾ ಎಂಬಾತ ಕಂಡುಹಿಡಿದದ್ದು 1935ರಲ್ಲಿ. ಎಲ್ಲೆಡೆಗೆ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ಅನಂತರ. ಡೊಂಬಿವಲಿಯ ಸೋದರಿ ಅಜ್ಜಿಯ ಮುಖದ ಮೇಲೆ ಕಂಡ ಪೊರೆಯಲ್ಲಿ ಅರ್ಧ ಮಸೂರದ ದೋಷವಾದರೆ ಇನ್ನರ್ಧ ಈ ಅಲೆದಾಡುವ ಬೆಳಕಿನದಿರಬಹುದು. ಅದಲ್ಲದೆ ಅಂದಿನ ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುತ್ತಿದ್ದುದೂ ಉಂಟು.

ಇಮಾಗಾನ್ ಚಿತ್ರದಲ್ಲಿ ನೆರಳು ನೆರಳಾಗಿಯೇ ಇತ್ತು, ಮೃದುತ್ವವೂ ಇತ್ತು. ಹೊಸದರ ಗುಣವೆಂದರೆ ಇದೇ: ಎಷ್ಟು ಬೇಕೋ ಅಷ್ಟು, ಮತ್ತು ನಾಳೆ ಕೇಳಿದರೂ ಅಷ್ಟೇ. ಒಂದೇ ಕುಂದು. ಅವ್ವನ ಮೂಗುಬೊಟ್ಟಿನ ಹರಳು ಮಿಂಚಿದಲ್ಲಿ ಬಿಲ್ಲೆಯ ತೂತುಗಳ ನೆರಳು ಬಿದ್ದು, ಸಣ್ಣ ಹೂವಿನ ಆಕಾರ ಮೂಡಿತ್ತು. ಅದು ಅವ್ವನದಲ್ಲ, ಬಿಲ್ಲೆಯದು. ನೋಡಿದವರಿಗೆ ಮೊದಲು ಹೂವೇ ಕಾಣುತ್ತಿತ್ತು.

ವೆರಿಟೊದ ಎರಡನೆಯ ಹಾಳೆಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ವಾಚಕರಲ್ಲಿ ಕೆಲವರಿಗೆ ಈಗಾಗಲೇ ಹುಟ್ಟಿರಬಹುದಾದ ಸಂಶಯಕ್ಕೆ ಉತ್ತರ. ಇಷ್ಟೆಲ್ಲ ಏತಕ್ಕೆ, ತೀಕ್ಷ್ಣವಾದ ಚಿತ್ರವನ್ನೇ ತೆಗೆದು ಆಮೇಲೆ ಮೃದು ಮಾಡಬಾರದೇ? ಮಾಡಬಹುದು, ಆದರೆ ಅದು ಇದಲ್ಲ. ಕತ್ತಲೆ ಕೋಣೆಯಲ್ಲಿ ಅಚ್ಚು ಹಾಕುವಾಗ ಮೃದು ಮಾಡಿದರೆ ಹರಡುವುದು ಬೆಳಕಲ್ಲ, ನೆರಳು. ನೆಗೆಟಿವ್‌ನಲ್ಲಿ ನೆರಳಿನ ಭಾಗವೇ ತೆಳುವಾಗಿದ್ದು ಅಲ್ಲಿಂದಲೇ ಬೆಳಕು ಹಾಯುತ್ತದೆಯಲ್ಲವೇ? ಆದ್ದರಿಂದ ಕಪ್ಪು ಬಿಳಿಯೊಳಗೆ ಹರಿದು ಚಿತ್ರ ಮಂಕಾಗುತ್ತದೆ. ಕ್ಯಾಮರಾದಲ್ಲಾದರೆ ಬಿಳಿ ಕಪ್ಪಿನೊಳಗೆ ಹರಿಯುತ್ತದೆ. ಇನ್ನು ಕೈಫೋನಿನ ಸೊಬಗಿನ ಗುಂಡಿ: ಅದು ಸುಕ್ಕನ್ನು ಹುಡುಕಿ ಹುಡುಕಿ ಒರಸುತ್ತದೆ. ನಮ್ಮ ತಂದೆಯವರ ಪಟಕ್ಕೆ ಆದದ್ದು ಅದೇ. ಮೃದು ಮಸೂರ ಯಾವುದನ್ನೂ ಒರಸುವುದಿಲ್ಲ. ಎದುರಿಗಿರುವವರ ಮೇಲೆ ಬಿದ್ದ ಬೆಳಕನ್ನೇ ಅವರ ಮೇಲೆ ಸ್ವಲ್ಪ ಧಾರಾಳವಾಗಿ ಹರಡುತ್ತದೆ.

ಮರದ ಕ್ಯಾಮರಾ ಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ. ಮನೆಯಾಕೆ ಈ ಬರಹವನ್ನು ಓದುವವಳಿದ್ದಾಳೆ. ಕೈಯಲ್ಲಿರುವ ಕ್ಯಾಮರಾದ ಮುಂದೆ ತೆಳುವಾದ ನೈಲಾನ್ ಕಾಲುಚೀಲದ ತುಂಡನ್ನು ಬಿಗಿದು ಕಟ್ಟಿ ನೋಡಿರಿ. ಅದು ಹಳೆಯ ಸ್ಟುಡಿಯೋದವರ ಉಪಾಯ. ಮಸೂರದಷ್ಟು ಚೆನ್ನಾಗಿ ಬಾರದು, ಆದರೆ ತೆಗೆಯುವಾಗಲೇ ಬೆಳಕು ಹರಡುವುದರ ರುಚಿ ಹತ್ತೀತು. ಹಿರಿಯರನ್ನು ಕಿಟಕಿಯ ಪಕ್ಕಕ್ಕೆ ಕೂಡಿಸಿರಿ, ತಲೆಯ ಮೇಲಿನ ದೀಪವನ್ನು ಆರಿಸಿರಿ. ಇದಕ್ಕೆ ಖರ್ಚಿಲ್ಲ.

ಇನ್ನು ಆ ಎರಡನೆಯ ಹಾಳೆ. ಮೂರು ಚಿತ್ರಗಳನ್ನೂ ಊಟದ ಮಣೆಯ ಮೇಲೆ ಸಾಲಾಗಿ ಇಟ್ಟು ಅವ್ವನನ್ನು ಕರೆದೆ. ಮೊದಲನೆಯದನ್ನು ನೋಡಿ, “ಇದು ಸಿನಿಮಾದಾಕಿ,” ಎಂದು ನಕ್ಕಳು. ಇಮಾಗಾನ್ ಚಿತ್ರವನ್ನು ನೋಡಿ, “ಮೂಗಿನಾಗ ಇದೇನು ಹೂವು?” ಎಂದಳು. ಎಫ್ 5.6ರಲ್ಲಿ ತೆಗೆದದ್ದನ್ನು ಕೈಗೆತ್ತಿಕೊಂಡು ಕಿಟಕಿಯ ಬಳಿಗೆ ಹೋದಳು. ಕಣ್ಣಿನ ಕೊನೆಯ ಸುಕ್ಕು ಅದರಲ್ಲಿದೆ. ಹಣೆಯ ಗೆರೆಯಿದೆ. ಗಲ್ಲದ ಮೇಲೆ, ನಾನು ಮಗುವಾಗಿದ್ದಾಗ ಬಿಸಿ ಎಣ್ಣೆ ಸಿಡಿದ ಕಲೆಯಿದೆ. ಅವೆಲ್ಲದರ ಮೇಲೆ ಆಷಾಢದ ಬೆಳಕು ತೆಳ್ಳಗೆ ಕೂತಿದೆ.

“ಇದು ನಮ್ಮವ್ವನಂಗ ಐತಿ,” ಎಂದಳು ಅವ್ವ. ತನ್ನ ತಾಯಿಯ ಮಾತು ಅದು. ಆಕೆಯ ಪಟವಂತೂ ಎಲ್ಲಿಯೂ ಇಲ್ಲ. ನನ್ನ ಮಗಳು ಓಡಿ ಬಂದು ನೋಡಿದಳು. “ಅಜ್ಜಿ,” ಎಂದಳು, ಯಾವ ಅಜ್ಜಿಯೆಂದು ಕೇಳಲಿಲ್ಲ.

ಹಳೆಯದು ಮೇಲೋ ಹೊಸದು ಮೇಲೋ ಎಂಬ ತೀರ್ಪನ್ನು ನಾನು ಕೊಡಲಾರೆ. ಹೊಸದು ಹೇಳಿದ ಮಾತು ಕೇಳುತ್ತದೆ, ಹಳೆಯದನ್ನು ನಾವು ಓಲೈಸಬೇಕು. ನಮ್ಮ ಮನೆಯಲ್ಲಿ ಮಾತ್ರ ಅವ್ವನ ಆಜ್ಞೆಯಾಗಿದೆ: ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಗೋಡೆಗೆ ಈಗಲೇ ಹಾಕಬೇಕು, ಆಕೆ ನೋಡುತ್ತಿರುವಾಗಲೇ. ಉಳಿಸಿಕೊಂಡಿದ್ದ ನಾಲ್ಕನೆಯ ಹಾಳೆಯನ್ನು ರಾಯರ ಮೇಲೆ ಖರ್ಚು ಮಾಡಿದೆ. ನಲವತ್ತು ವರ್ಷ ಊರವರ ಚಿತ್ರ ತೆಗೆದವರ ಮನೆಯಲ್ಲಿ ಅವರದೊಂದೂ ಇರಲಿಲ್ಲ.